ದೇವಕ್ಕ ಕೊಂಡ ಕೂಸಿನ ಹೆಸರು

ಏಳನೆಯ ದಿನಕ್ಕೆ ಹೆಸರಿಡಬೇಕಾಗಿದ್ದ ಕೂಸಿಗೆ ಹನ್ನೆರಡು ದಿನವಾದರೂ ಹೆಸರಿರಲಿಲ್ಲ. ಹಾಗೆಂದು ಆ ಮನೆಯಲ್ಲಿ ಹೆಸರಿಗೆ ಬರವೇನೂ ಬಂದಿರಲಿಲ್ಲ. ದೊಡ್ಡವರು ನಾಲ್ವರಿದ್ದರು, ಹೆಸರು ಮೂರಿದ್ದವು, ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿರಲಿಲ್ಲ.

ಅಜ್ಜಿ ಜೈತುನಬಿಗೆ ಗುಡುಸಾಬ ಎಂಬ ಹೆಸರೇ ಆಗಬೇಕು. ಅದು ಅವಳ ಮಾವನ ಹೆಸರು. ಮೊದಲ ಮೊಮ್ಮಗನಿಗೆ ಮುತ್ತಜ್ಜನ ಹೆಸರು ಇಡುವುದು ಇಂಡಿ ತಾಲೂಕಿನ ಅವರ ಹಳ್ಳಿಯಲ್ಲಿ ಯಾರೂ ಕೇಳಿ ಮಾಡುವ ಸಂಗತಿಯಲ್ಲ. ಕೂಸಿನ ಅಪ್ಪ ಬಾಷಾ ಮುಂಬಯಿಯ ಬಾಂದ್ರಾದ ಒಂದು ಕಂಪನಿಯಲ್ಲಿ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಅವನಿಗೆ ಪರ್ವೇಜ ಎಂದಾಗಬೇಕು. ಆಫೀಸಿನಲ್ಲಿ ಕೂಗಿದರೆ ಮರ್ಯಾದೆಯಾಗಿ ಕೇಳಿಸಬೇಕಂತೆ. ಹಡೆದವಳು ಅಮೀರುನ್ನೀಸಾ ಬಾಣಂತಿ ಹೊರಸಿನ ಮೇಲಿಂದಲೇ ಆಂಟಾಪ್ ಹಿಲ್ಲಿನ ಅವರ ಚಾಳಿನಲ್ಲಿ ಯಾರೂ ಕೇಳಿರದ ಹೆಸರೊಂದನ್ನು ಹೇಳಿದಳು: ಅಮ್ಮಾರ.

ನಾಲ್ಕನೆಯವನು ಬಾಷಾನ ಅಪ್ಪ ಗನಿಸಾಬ. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಗೌಂಡಿ. ಇಟ್ಟಂಗಿ ಇಟ್ಟು ಗೋಡೆ ಏರಿಸುವುದು, ಗಿಲಾವು ಮಾಡುವುದು ಅವನ ಕೆಲಸ. ಅವನ ಗೋಡೆಗೆ ದಾರ ಹಿಡಿದು ನೋಡಬೇಕಾಗಿಲ್ಲ ಎಂದು ಕೆಲಸ ಮಾಡಿಸುವ ಮುಕಾದಮನೇ ಹೇಳುತ್ತಿದ್ದ. ಗೋಡೆ ಎಷ್ಟು ನೆಟ್ಟಗೋ ಮಾತು ಅಷ್ಟೇ ಕಡಿಮೆ. ತನ್ನ ಅಪ್ಪನ ಹೆಸರು ಮೊಮ್ಮಗನಿಗೆ ಬರಲಿ ಎಂಬ ಆಸೆ ಅವನಿಗೂ ಇತ್ತು, ಆದರೆ ಹೆಂಡತಿ ಅಷ್ಟು ಜೋರಾಗಿ ಹೇಳುವಾಗ ತಾನೂ ದನಿಗೂಡಿಸುವುದು ದಂಡವೆಂದು ಸುಮ್ಮನಿದ್ದ.

ಆ ಮನೆಯ ಮಾತು ದಖ್ಖನಿ. ಜಗಳ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು, ಗೋಡೆಯಾಚೆಯ ದೇವಕ್ಕನಿಗೂ ತಿಳಿಯಲಿ ಎಂದು.

"ಪೈಗಂಬರರ ಜೊತಿಗಾರ್ರ ಹೆಸರದು," ಎಂದಳು ಅಮೀರುನ್ನೀಸಾ ಒಂದು ಮುಂಜಾನೆ, ಬಾಣಂತಿಗೆಂದು ಮಾಡಿದ ಅಳವಿ ಪಾಯಸದ ಬಟ್ಟಲು ಕೆಳಗಿಟ್ಟು. ಅವಳ ಅಪ್ಪ ತಾಳಿಕೋಟಿಯಲ್ಲಿ ಮಕ್ಕಳಿಗೆ ಕುರಾನು ಓದಿಸುವವನು. ಆ ಹೆಸರಿನ ಅರ್ಥ, ಕಥೆ ಎರಡೂ ಅಪ್ಪನಿಂದ ಅವಳಿಗೆ ಬಂದದ್ದು. "ಅರಬ್ಬಿಯೊಳಗ ಅಮ್ಮಾರ ಅಂದ್ರ ಕಟ್ಟಾವ. ಹಾಳ ಬಿದ್ದ ಜಾಗಾದಾಗ ಮಂದಿ ಬಾಳೂಹಂಗ ಮಾಡಾವ. ಬಾಳ ದಿನಾ ಬದುಕಾವ ಅಂತನೂ ಹೇಳತಾರ. ಅವರಪ್ಪ ಯೆಮೆನ್ ದೇಶ ಬಿಟ್ಟು ಮಕ್ಕಾಕ್ಕ ಬಂದು ನಿಂತಾವ. ಅಲ್ಲಿ ಅವರಿಗೆ ಬಳಗಿಲ್ಲ, ಬಲಾ ಇಲ್ಲ. ನಮ್ಹಂಗ."

ಮದೀನಾದಲ್ಲಿ ಪೈಗಂಬರರ ಮಸೀದಿ ಕಟ್ಟುವಾಗ ಉಳಿದವರೆಲ್ಲ ಒಂದೊಂದು ಹಸಿ ಇಟ್ಟಂಗಿ ಹೊತ್ತರಂತೆ, ಅಮ್ಮಾರ ಮಾತ್ರ ಎರಡೆರಡು ಹೊತ್ತನಂತೆ. ಅದನ್ನು ನೋಡಿ ಪೈಗಂಬರರು ತಮ್ಮ ಕೈಯಿಂದಲೇ ಅವನ ಮೈಮೇಲಿನ ಧೂಳು ಒರೆಸಿದರಂತೆ. ಇದನ್ನು ಅವಳು ಹೇಳಿದಾಗ ಗನಿಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಪುಂಡಿಪಲ್ಯ ತಟ್ಟೆಯಲ್ಲಿ ಹಾಗೇ ಇತ್ತು. ಸೊಸೆಯ ಕಡೆ ಒಮ್ಮೆ ನೋಡಿದ, ಮತ್ತೆ ಊಟಕ್ಕೆ ತೊಡಗಿದ. ಅಂದಿನಿಂದ ಅವನು ಗುಡುಸಾಬನ ಪಕ್ಷ ಬಿಟ್ಟ ಎಂದು ನನ್ನ ಲೆಕ್ಕ, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ಬಾಷಾ ಮಾತ್ರ ಸಿಟ್ಟಾದ.

"ನನ್ನ ಮಗನ ಹಣ್ಯಾಗೂ ಇಟ್ಟಂಗಿನೇ ಬರದದೇನು? ಅವಾ ಆಫೀಸರ ಆಗಬೇಕು."

ಅಪ್ಪ ಎದುರಿಗೇ ಕೂತಿದ್ದಾನೆ ಎನ್ನುವುದು ಅವನಿಗೆ ಹೇಳಿದ ಮೇಲೆ ಹೊಳೆಯಿತು. ಲೋಕಲ್ ತಪ್ಪುತ್ತದೆಂದು ಡಬ್ಬಿ ಎತ್ತಿಕೊಂಡು ನಡೆದುಬಿಟ್ಟ.

ಆ ಸಂಜೆ ಗನಿಸಾಬ ಕೆಲಸದಿಂದ ಬರುತ್ತ ಮಸೀದಿಗೆ ಹೋಗಿ ಮೌಲವಿಗಳನ್ನು ಕೇಳಿದ. ಹೆಸರು ದೊಡ್ಡದು, ಅರ್ಥ ಒಳ್ಳೆಯದು, ಕಥೆಯೂ ಖರೆ ಎಂದರು ಅವರು. ಹದಿನೆಂಟು ವರ್ಷದಲ್ಲಿ ಈ ಭಾಗದ ಎಷ್ಟೋ ಕೂಸುಗಳಿಗೆ ಹೆಸರಿಟ್ಟಿದ್ದರು, ಇದನ್ನು ಒಬ್ಬರೂ ಕೇಳಿರಲಿಲ್ಲವಂತೆ. ಅದರಲ್ಲಿ ಸುಳ್ಳಿಲ್ಲ. ಚಾಳಿನ ನಡುವೆ ನಿಂತು ಬಾಷಾ ಎಂದು ಕೂಗಿದರೆ ಐದು ಬಾಗಿಲು ತೆರೆಯುತ್ತಿದ್ದವು. ಮೆಹಬೂಬರು ಏಳು ಮಂದಿ ಇದ್ದು, ಅವರನ್ನು ಟ್ಯಾಕ್ಸಿ ಮೆಹಬೂಬ, ಕುಳ್ಳ ಮೆಹಬೂಬ, ಹಾಲಿನ ಮೆಹಬೂಬ ಎಂದು ಬೇರೆ ಮಾಡಬೇಕಾಗಿತ್ತು. ಅಮ್ಮಾರ ಎಂದರೆ ಒಂದೇ ಬಾಗಿಲು ತೆರೆದೀತು. ಮಸೀದಿಯ ಮೆಟ್ಟಿಲಿಳಿಯುವಾಗ ಗನಿಸಾಬನಿಗೆ ಈ ಯೋಚನೆ ಬಂದು ಒಳಗೊಳಗೇ ಖುಷಿಯಾಯಿತು.

ಆದರೂ ಮನೆಗೆ ಬಂದು ಅವನು ಹೇಳಿದ್ದು ಬೇರೆ.

"ಹೆಸರಿಡಾಕ ನಾವ್ಯಾರು? ಕೂಸು ಮಾರೀವಿ. ಮಾರಿದ ಮ್ಯಾಲ ಅದು ದೇವಕ್ಕಂದು."

ಜೈತುನಬಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ತಪ್ಪು ಅವಳದೇ. ಅಮೀರುನ್ನೀಸಾಳ ಮೊದಲಿನ ಎರಡು ಕೂಸು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಉಳಿಯಬೇಕಾದರೆ ಅದನ್ನು ಮಾರಬೇಕು. ಊರ ಕಡೆಯ ಈ ಪದ್ಧತಿಗೆ ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲ. ಮೂರನೆಯ ದಿನ ಜೈತುನಬಿಯೇ ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲಾಚೆ ನಿಂತಿದ್ದ ದೇವಕ್ಕನ ಕೈಗೆ ಕೊಟ್ಟಿದ್ದಳು. ದೇವಕ್ಕ ಒಂದು ಸೇರು ಜೋಳ ಅಳೆದು ಕೊಟ್ಟಿದ್ದಳು. ಅಲ್ಲಿಗೆ ಕೂಸು ಈ ಮನೆಯದಲ್ಲ. ಹುಡುಕಿಕೊಂಡು ಬಂದ ಸಾವಿಗೆ ವಿಳಾಸ ಸಿಗುವುದಿಲ್ಲ. ಕೊಂಡವಳು ತನ್ನ ಕೂಸನ್ನು ಸಾಕಲು ಹಡೆದವಳ ಬಳಿ ಬಿಟ್ಟಿರುತ್ತಾಳೆ, ಅಷ್ಟೆ. ಹೆಸರಿಡುವ ಹಕ್ಕೂ ಕೊಂಡವಳದೇ. ಕೂಸು ಉಳಿದರೆ ಸಾಕೆನ್ನುವ ಗಡಿಬಿಡಿಯಲ್ಲಿ ಜೈತುನಬಿಗೆ ಆ ಕೊನೆಯ ಕಲಮು ಮರೆತೇ ಹೋಗಿತ್ತು.

"ಆ ಜೋಳಾ ಬೀಸಿ ರೊಟ್ಟಿ ತಿಂದೀವಿ. ಈಗ ಇಲ್ಲಂದ್ರ ಹ್ಯಾಂಗ?" ಎಂದ ಗನಿಸಾಬ. ಕೊಟ್ಟ ಮಾತು, ಕಟ್ಟಿದ ಗೋಡೆ ಎರಡನ್ನೂ ಕೆಡವಿ ಅವನಿಗೆ ರೂಢಿಯಿರಲಿಲ್ಲ. ಕೂಸಿಗೆ ನಲವತ್ತು ತುಂಬಿದ ದಿನ ದೇವಕ್ಕ ಹೆಸರಿಡಲಿ ಎಂದು ತೀರ್ಮಾನವಾಯಿತು.

ದೇವಕ್ಕ ಪಕ್ಕದ ಖೋಲಿಯವಳು. ಗಂಡ ಮರೆಪ್ಪ ಗನಿಸಾಬನ ಜೊತೆ ಸಿಮೆಂಟು ಕಲಸುತ್ತಿದ್ದ, ಅವಳು ಅದೇ ಕೆಲಸದಲ್ಲಿ ಇಟ್ಟಂಗಿ ಹೊರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಹನ್ನೆರಡು ಇಟ್ಟಂಗಿ, ಬಾಂದ್ರಾದ ಹೊಸ ಬಿಲ್ಡಿಂಗಿನ ನಾಲ್ಕು ಮಾಳಿಗೆ. ಅವಳ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಊರ ಕಡೆ ಇದ್ದರು. ಹೆಸರಿಡುವ ಹಕ್ಕು ತನ್ನದೆಂದು ಕೇಳಿ ಅವಳು ಮೊದಲು ನಕ್ಕಳು. ಆಮೇಲೆ ಅವಳ ಮುಖದಲ್ಲಿ ಬಂದ ಗತ್ತು ನೋಡುವಂತಿತ್ತು.

ಮುಂದಿನ ಮೂರು ವಾರ ಆ ಚಾಳಿನಲ್ಲಿ ದೇವಕ್ಕನಿಗಿದ್ದ ಮರ್ಯಾದೆ ವಾರ್ಡಿನ ನಗರಸೇವಕನಿಗೂ ಇರಲಿಲ್ಲ. ಜೈತುನಬಿ ಶೇಂಗಾ ಹಿಂಡಿ ಕುಟ್ಟಿ ಕಳಿಸಿದಳು, ಮಾದಲಿ ಮಾಡಿ ಕಳಿಸಿದಳು, ನೀರು ಬರುವ ಹೊತ್ತಿಗೆ ದೇವಕ್ಕನ ಕೊಡವನ್ನು ತಾನೇ ನಳಕ್ಕೆ ಹಚ್ಚಿದಳು. ಪ್ರತಿ ಸಲವೂ ಮಾತಿನ ತುದಿಯಲ್ಲಿ ಗುಡುಸಾಬನನ್ನು ತರುವಳು. ಆತ ಎಷ್ಟು ದೊಡ್ಡ ಮನುಷ್ಯ, ಸತ್ತಾಗ ಎಷ್ಟು ಊರಿನ ಮಂದಿ ಬಂದಿದ್ದರು ಎಂದು. ಬಾಷಾ ಮಾಟುಂಗದಲ್ಲಿಳಿದು ಉಡುಪಿ ಹೋಟೆಲಿನ ಮೈಸೂರ್‌ಪಾಕು ಕಟ್ಟಿಸಿಕೊಂಡು ಬಂದ. ದೇವಕ್ಕ ಎಲ್ಲವನ್ನೂ ತಿಂದಳು, ಯಾರಿಗೂ ಹೂಂ ಅನ್ನಲಿಲ್ಲ.

"ಪರ್ವೇಜ ಅಂದ್ರ ಏನೋ ತಮ್ಮಾ?" ಎಂದು ಬಾಷಾನನ್ನು ಕೇಳಿದಳು.

ಬಾಷಾನಿಗೆ ಗೊತ್ತಿರಲಿಲ್ಲ. ಚಂದ ಕೇಳಸ್ತದ ಎಂದ.

ಅಮೀರುನ್ನೀಸಾಳ ಬಳಿ ಕೊಡಲು ತಿಂಡಿಯಿರಲಿಲ್ಲ, ಬಾಣಂತಿಗೆ ಹೊರಗೆ ಹೋಗುವ ಹಾಗೂ ಇರಲಿಲ್ಲ. ಆದರೆ ದೇವಕ್ಕ ದಿನಾ ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ತನ್ನ ಕೂಸಿಗೆ ಎಣ್ಣೆ ಹಚ್ಚಲು ಬರುತ್ತಿದ್ದಳು. ಕಾಲು ಚಾಚಿ, ಕೂಸನ್ನು ಮೊಳಕಾಲ ಮೇಲೆ ಮಲಗಿಸಿಕೊಂಡು, ನೋಯುವ ಕುತ್ತಿಗೆಯನ್ನು ಆಗಾಗ ಹೊರಳಿಸುತ್ತ, ಅಮ್ಮಾರನ ಕಥೆ ಮತ್ತೊಮ್ಮೆ ಹೇಳು ಎನ್ನುತ್ತಿದ್ದಳು. ಇಟ್ಟಂಗಿ ಹಸಿಯವೋ ಸುಟ್ಟವೋ, ಅವನು ತಲೆಯ ಮೇಲೆ ಹೊತ್ತನೋ ಹೆಗಲ ಮೇಲೋ ಎಂದು ಅವಳ ಪ್ರಶ್ನೆ. ಅಮೀರುನ್ನೀಸಾ ಗೊತ್ತಿದ್ದಷ್ಟು ಹೇಳುವಳು. ಗೊತ್ತಿಲ್ಲದ್ದನ್ನು ಅಪ್ಪನಿಗೆ ಕಾಗದ ಬರೆದು ಕೇಳುತ್ತೇನೆ ಎನ್ನುವಳು.

ಎಲ್ಲ ಹೀಗೆ ನಗುನಗುತ್ತ ಮುಗಿಯಬಹುದಿತ್ತು. ಒಂದು ಶನಿವಾರ ಸಂಜೆ ಕೆಟ್ಟಿತು.

ಬಾಷಾನ ಆಫೀಸಿನ ಹೆಡ್‌ಕ್ಲಾರ್ಕ್ ಶೇಖರ ಮಂಗಳೂರ ಕಡೆಯವನು, ಮಾಟುಂಗದಲ್ಲಿ ಮನೆ. ಕೂಸು ನೋಡಿ ಹೋಗೋಣವೆಂದು ಕೂಸಿಗೆ ತೊಡಿಸುವ ಒಂದು ಝಬಲಾ ತೆಗೆದುಕೊಂಡು ಹೇಳದೆ ಕೇಳದೆ ಬಂದ. ಚಾಳಿನ ನಳದ ಬಳಿ ಮೈಯೆಲ್ಲ ಸಿಮೆಂಟಾದ ಮುದುಕನೊಬ್ಬ ಕಾಲು ತೊಳೆಯುತ್ತಿದ್ದ. ಶೇಖರ ಅವನನ್ನೇ ಕೇಳಿದ:

"ಕಂಟ್ರಾಕ್ಟರ್ ಗನಿಸಾಬರ ಮನೆ ಯಾವುದು ಮಾರಾಯ್ರೆ? ಅವರ ಮಗ ಬಾಷಾ ನಮ್ಮ ಆಫೀಸು."

ಗನಿಸಾಬ ತಲೆಯೆತ್ತಿ ಬಂದವನ ಮುಖ ನೋಡಿದ. ಸ್ವಲ್ಪ ಹೊತ್ತು ಹಿಡಿಯಿತು, ಆದರೆ ತಿಳಿಯಿತು.

"ಆ ನೀಲಿ ಬಾಗಲಾ ಅದಲ್ರಿ, ಅದ. ಕಂಟ್ರಾಕ್ಟರ್ ಸಾಹೇಬ್ರು ಹೊರಗ ಹೋಗ್ಯಾರ. ಮಗ ಅದಾನ."

ಅದು ಅವನ ಬಾಯಿಂದ ಬಂದ ಮೊದಲ ಸುಳ್ಳೋ ಏನೋ. ಶೇಖರ ಒಳಗೆ ಚಹಾ ಕುಡಿದು, ಕೂಸಿನ ಕೆನ್ನೆ ಮುಟ್ಟಿ, ಒಂದು ತಾಸು ಕುಳಿತು ಹೋದ. ಅಷ್ಟು ಹೊತ್ತೂ ಗನಿಸಾಬ ನಳದ ಕಟ್ಟೆಯ ಮೇಲೆ ಒದ್ದೆ ಕಾಲಿನಲ್ಲಿ ಕೂತೇ ಇದ್ದ. ಅತಿಥಿ ದಾಟಿದ ಮೇಲೆ ಒಳಗೆ ಬಂದು ಗೋಡೆಗೆ ಒರಗಿದ.

"ಚಹಾ ಕೊಡ, ಕಂಟ್ರಾಕ್ಟರ್ ಸಾಹೇಬ್ರು ಬಂದ್ರು," ಎಂದ ಹೆಂಡತಿಗೆ.

ಜೈತುನಬಿಗೆ ಅರ್ಥವಾಗಲಿಲ್ಲ. ಬಾಷಾನಿಗೆ ಆಯಿತು. ಅವನ ಮುಖ ಕಪ್ಪಿಟ್ಟಿತು, ಅಪ್ಪನ ಕಡೆ ತಿರುಗಿದ.

"ಅಬ್ಬಾ, ನೌಕರಿ ಸೇರೂ ಮುಂದ ಕೇಳಿದ್ರು. ಎಲ್ಲಾರ ಅಪ್ಪಂದಿರು ಏನೇನೋ ಇದ್ರು. ಒಂದು ಮಾತು ಬಾಯಿಗೆ ಬಂತು, ಹೇಳಿಬಿಟ್ಟೆ."

"ಎಷ್ಟು ವರ್ಷಾತು?"

"ನಾಕು."

"ನಾಕು ವರ್ಷ," ಎಂದ ಗನಿಸಾಬ. "ನಿಮ್ಮ ಆಫೀಸಿನ ಹಿಂದಿನ ಬಿಲ್ಡಿಂಗ್ ನಾ ಕಟ್ಟಿದ್ದು. ಅದರ ಮ್ಯಾಲ ನಿಂತು ಎಷ್ಟೋ ಸಲ ನಿನ್ನ ಕಿಡಕಿ ನೋಡೀನಿ. ಒಂದು ಸಲ ಕೈನೂ ಮಾಡಿದ್ದೆ. ನೀ ನೋಡಲಿಲ್ಲ ಅನಕೊಂಡಿದ್ದೆ."

ಅಂದು ಗನಿಸಾಬ ಉಣ್ಣಲಿಲ್ಲ. ಜೈತುನಬಿ ಮಗನಿಗೆ ಬಾಯಿಗೆ ಬಂದಂತೆ ಬೈದು, ಅವನ ತಟ್ಟೆಗೆ ತಾನೇ ರೊಟ್ಟಿ ಹಾಕಿ, ರೊಟ್ಟಿ ಹಾಕಿದ್ದಕ್ಕೆ ತನ್ನನ್ನೂ ಬೈದುಕೊಂಡಳು.

ಮರುದಿನ ಗನಿಸಾಬ ದೇವಕ್ಕನ ಬಾಗಿಲಿಗೆ ಹೋದ. ನಲವತ್ತಕ್ಕೆ ಇನ್ನೊಂದು ವಾರವಿತ್ತು.

"ತಂಗಿ, ಪರ್ವೇಜ ಅಂತನೇ ಇಟ್ಟಬಿಡು. ಮಗನ ಮನಸ್ಸಿನಾಗ ಅದೇ ಅದ. ನಮ್ಮ ಧೂಳು ಆ ಕೂಸಿಗೆ ಹತ್ತೂದು ಬ್ಯಾಡ."

ದೇವಕ್ಕ ಅವನ ಮುಖ ನೋಡಿ, ಹೋಗಣ್ಣಾ, ನೀರು ಬರೂ ಹೊತ್ತಾತು ಎಂದಳು. ಮಾತು ಕೊಡಲಿಲ್ಲ.

ಗೋಡೆಯಾಚೆ ಅಮೀರುನ್ನೀಸಾಗೆ ಎಲ್ಲ ಕೇಳಿಸಿತು; ಆ ಗೋಡೆ ಗನಿಸಾಬ ಕಟ್ಟಿದ್ದಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡು ಕೂಸು ಕಳೆದುಕೊಂಡವಳು ಅವಳು. ಬಾಳ ದಿನ ಬದುಕುವವ ಎಂಬ ಹೆಸರನ್ನು ಸುಮ್ಮನೆ ಆರಿಸಿರಲಿಲ್ಲ. ಆದರೆ ಅಂದು ಗಂಡನ ಮುಂದೆ ಹೆಸರಿನ ಮಾತೆತ್ತಲಿಲ್ಲ. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಇಷ್ಟೇ ಹೇಳಿದಳು:

"ನಿನ್ನೆ ಮಾವನವ್ರು ಒಂದು ತಾಸು ಕಾಲು ತೊಳದ್ರು. ಸಿಮೆಂಟ ಹೋಗಲಿಲ್ಲ ಅಂತಲ್ಲ. ನಿಮ್ಮ ಮಾನಾ ಹೋಗಬಾರ್ದು ಅಂತ."

ಬಾಷಾ ಗುಂಡಿ ಹಾಕುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ನಿಂತ.

ನಲವತ್ತನೆಯ ದಿನ ಭಾನುವಾರ ಬಂತು. ಖೋಲಿಯ ಮುಂದೆ ಜಮಖಾನೆ ಹಾಸಿದರು, ಮಾಂಸದ ಪಲಾವು ಒಲೆಯ ಮೇಲಿತ್ತು, ಮರೆಪ್ಪನ ಕಡೆಯವರಿಗೆ ಬೇರೆ ಪಾತ್ರೆಯಲ್ಲಿ ಗೋಧಿ ಹುಗ್ಗಿ. ಮೌಲವಿಗಳು ಬಂದರು. ದೇವಕ್ಕ ಇಳಕಲ್ ಸೀರೆಯುಟ್ಟು, ತಲೆಯ ತುಂಬ ಸೆರಗು ಹೊದ್ದು, ಕೂಸನ್ನು ಮಡಿಲಲ್ಲಿಟ್ಟುಕೊಂಡು ನಡುವೆ ಕುಳಿತಳು. ಮಾರಾಟದ ವಿಷಯ ಕೇಳಿ ಮೌಲವಿಗಳು ಗಡ್ಡ ನೀವಿಕೊಂಡು, ಇದು ಯಾವ ಕಿತಾಬಿನಲ್ಲೂ ಇಲ್ಲ, ಆದರೆ ಒಳ್ಳೆಯ ಹೆಸರನ್ನು ಯಾರು ಹೇಳಿದರೂ ಒಳ್ಳೆಯದೇ ಎಂದರು. ಗನಿಸಾಬ ದೂರದಲ್ಲಿ ಬಾಗಿಲ ಪಕ್ಕ ನಿಂತಿದ್ದ.

"ಕೂಸು ನಂದು," ಎಂದು ಶುರು ಮಾಡಿದಳು ದೇವಕ್ಕ. "ಇವರೆಲ್ಲಾ ನನಗ ತಿನ್ನಿಸ್ಯಾರ, ಸುಳ್ಳ್ಯಾಕ ಹೇಳ್ಲಿ. ಗುಡುಸಾಬಜ್ಜ ದೊಡ್ಡಾವ, ಅವನ ಹೆಸರು ಊರಾಗ ಹಂಗೂ ನಡೀತದ. ಪರ್ವೇಜ ಚಂದ ಕೇಳಸ್ತದಂತ, ಏನಂತ ಮಾತ್ರ ಯಾರಿಗೂ ಗೊತ್ತಿಲ್ಲ. ಈ ಅಮ್ಮಾರ ಅನ್ನಾವ ಎರಡು ಇಟ್ಟಂಗಿ ಹೊತ್ತಾನ. ನಾ ಹನ್ನೆರಡು ಹೊರತೇನಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಇಪ್ಪತ್ತು ವರ್ಷ ಹೊತ್ತೀನಿ. ಇದನ್ನ ಹೊತ್ತಾವನ್ನ ಒಬ್ಬ ದೊಡ್ಡಾತ ಹತ್ರ ಕರದು, ತನ್ನ ಕೈಲೆ ಧೂಳಾ ಒರಸ್ಯಾನ ಅಂತ ನನಗ ಯಾರೂ ಹೇಳಿರಲಿಲ್ಲ. ಹೊತ್ತವರ ಹೆಸರು ಸಾವಿರ ವರ್ಷ ಉಳೀತದ ಅಂತನೂ ಹೇಳಿರಲಿಲ್ಲ. ಈ ಹುಡುಗಿ ಹೇಳಿದ್ಲು. ನನಗ ಎದಿ ತುಂಬಿ ಬಂತು. ಗನಿಯಣ್ಣಾ ಬಂದು ನಮ್ಮ ಧೂಳು ಕೂಸಿಗೆ ಬ್ಯಾಡ ಅಂದ. ಅವಾ ಹಂಗ ಅನಬಾರ್ದಾಗಿತ್ತು. ನನ್ನ ಮಗನ ಹೆಸರು ಅಮ್ಮಾರ."

ಕೂಸಿನ ಕಿವಿಯ ಹತ್ತಿರ ಬಾಗಿ ಮೂರು ಸಲ ಕರೆದಳು. ಮೌಲವಿಗಳು ಆಮೀನ್ ಎಂದರು. ಅಮೀರುನ್ನೀಸಾ ಬಾಗಿಲ ಹಿಂದೆ ಮುಖಕ್ಕೆ ಸೆರಗು ಒತ್ತಿಕೊಂಡಳು. ಜೈತುನಬಿ ಸೋತವಳಂತೆ ಕಾಣಲಿಲ್ಲ. ಅವಳು ಮನೆಯಲ್ಲಿ ಗುಡು ಎಂದೇ ಕರೆಯುವುದೆಂದು ಆಗಲೇ ನಿಶ್ಚಯಿಸಿಕೊಂಡಿದ್ದಳು. ಬಾಷಾ ಮಾತ್ರ ಪಲಾವು ಬಡಿಸುತ್ತ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪನ ತಟ್ಟೆಗೆ ಅವನು ಕೇಳದೆಯೇ ಎರಡು ಸಲ ಬಡಿಸಿದ್ದನ್ನು ಗನಿಸಾಬ ಕಂಡೂ ಕಾಣದವನಂತಿದ್ದ.

ಸೋಮವಾರ ಬಾಷಾ ಆಫೀಸಿಗೆ ಹೋದವನೇ ಶೇಖರನ ಮೇಜಿನ ಮುಂದೆ ನಿಂತು, ನಳದ ಬಳಿ ಕಂಡ ಮುದುಕನೇ ತನ್ನ ಅಪ್ಪನೆಂದು ಹೇಳಿದ. ಶೇಖರ ಕನ್ನಡಕ ತೆಗೆದು ಅವನನ್ನೇ ನೋಡಿದ.

"ನನಗೆ ದಾರಿ ತೋರಿಸಿದ್ದು ಅವರಾ? ಎಂತ ಕೆಲಸ ಮಾಡಿದಿ ಮಾರಾಯಾ. ಒಂದು ಲೋಟ ಚಹಾ ಅವರ ಒಟ್ಟಿಗೆ ಕುಡೀಬಹುದಿತ್ತು."

ಅಷ್ಟು ಹೇಳಿ ಶೇಖರ ಫೈಲಿಗೆ ಮರಳಿದ. ಬಾಷಾನಿಗೆ ಬೈಗುಳ ತಿಂದಿದ್ದರೇ ಹಗುರವಾಗುತ್ತಿತ್ತು.

ಗುರುವಾರ ಅವನು ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ವಾರ್ಡ್ ಆಫೀಸಿಗೆ ಹೋದ. ಕೂಸಿನ ಜನನದ ದಾಖಲೆಯಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಕಿಟಕಿಯೊಳಗಿನ ಕಾರಕೂನ ಮರಾಠಿಯಲ್ಲಿ ಏನೇನೋ ಕೇಳಿದ, ಬಾಷಾ ಉತ್ತರಿಸಿದ, ಕಾರಕೂನ ಬರೆದುಕೊಂಡ. ಗನಿಸಾಬನಿಗೆ ಓದು ಬಾರದು, ಮರಾಠಿ ಕೆಲಸದ ಮಟ್ಟಿಗೆ ಬರುತ್ತಿತ್ತು. ಹೊರಗೆ ಬಂದ ಮೇಲೆ ಅವನೇ ಕೇಳಿದ:

"ಆಡನಾಂವ ಕೇಳಿದ್ನಲ್ಲ ಅವಾ? ನಮಗ ಅಡ್ಡಹೆಸರು ಎಲ್ಲಿ ಅದ?"

"ಅದ ಅಬ್ಬಾ. ಬರಿಸೀನಿ." ಬಾಷಾ ಕಾಗದ ಬಿಡಿಸಿ ಬೆರಳಿಟ್ಟು ಓದಿದ. "ಅಮ್ಮಾರ ಬಾಷಾ ಗೌಂಡಿ."

ಗನಿಸಾಬ ಆ ಅಕ್ಷರಗಳನ್ನು ಹೊಸದಾಗಿ ಎದ್ದ ಗೋಡೆ ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿದ.

"ನಿನ್ನ ಹೆಸರಿಗೆ?"

"ನನಗೂ ಅದೇ. ಆಫೀಸಿನಾಗನೂ ಅರ್ಜಿ ಕೊಟ್ಟೀನಿ. ನೀ ಕೈ ಮಾಡಿದ ದಿನ ನಾ ನೋಡಿದ್ದೆ ಅಬ್ಬಾ. ತಪ್ಪಾತು."

ಗನಿಸಾಬ ಮಗನ ಹೆಗಲ ಮೇಲೆ ಕೈಯಿಟ್ಟ. ಇಸ್ತ್ರಿಯ ಅಂಗಿಯೆಂದು ನೆನಪಾಗಿ ತೆಗೆಯಹೋದ. ಬಾಷಾ ಆ ಕೈಯನ್ನು ಅಲ್ಲೇ ಹಿಡಿದುಕೊಂಡ. ಇಬ್ಬರೂ ಸ್ಟೇಶನ್ನಿನ ತನಕ ಹಾಗೇ ನಡೆದರು.

ಅಂದು ಗನಿಸಾಬನಿಗೂ ರಜೆಯೇ. ಮನೆಗೆ ಹೋಗಿ ಮಲಗಬಹುದಿತ್ತು. ಅವನು ನೇರ ಬಾಂದ್ರಾಕ್ಕೆ ಹೋಗಿ, ನಾಲ್ಕನೆಯ ಮಾಳಿಗೆ ಹತ್ತಿ, ಬಿದಿರಿನ ಅಟ್ಟದ ಮೇಲೆ ನಿಂತ. ಕೆಳಗೆ ಮರೆಪ್ಪ ಸಿಮೆಂಟು ಕಲಸುತ್ತಿದ್ದ, ದೇವಕ್ಕ ಹನ್ನೆರಡು ಇಟ್ಟಂಗಿ ಹೊತ್ತು ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಮೂವತ್ತು ವರ್ಷದಲ್ಲಿ ಕೆಲಸದ ಜಾಗದಲ್ಲಿ ಒಮ್ಮೆಯೂ ದನಿಯೇರಿಸದ ಗನಿಸಾಬ ಎರಡೂ ಕೈ ಬಾಯಿಗೆ ಹಚ್ಚಿ ಮೊಮ್ಮಗನ ಪೂರಾ ಹೆಸರನ್ನು ಕೂಗಿದ. ಸುತ್ತಲಿನ ಕಿಟಕಿಗಳಿಂದ ಮಂದಿ ಇಣುಕಿದರು. ಗಿಲಾವು ಬಳಿಯುತ್ತಿದ್ದ ಕರಣಿಗಳು ನಿಂತವು. ಯಾರದು ಆ ಹೆಸರು ಎಂದು ಮುಕಾದಮ ಕೇಳಿದ.

ತಲೆಯ ಮೇಲೆ ಭಾರವಿದ್ದುದರಿಂದ ದೇವಕ್ಕ ಮೇಲೆ ನೋಡುವಂತಿರಲಿಲ್ಲ. ಕುತ್ತಿಗೆ ನೆಟ್ಟಗಿಟ್ಟುಕೊಂಡೇ ಮೆಟ್ಟಿಲು ಹತ್ತುತ್ತ, ಅಷ್ಟೇ ಜೋರಾಗಿ ಮುಕಾದಮನಿಗೆ ಉತ್ತರ ಕೊಟ್ಟಳು.

"ನನ್ನ ಮಗಂದು."